ಹಾರ ಚೆನ್ನಮ್ಮನಿಗೆ, ನರ್ಸಮ್ಮನಿಗೇನು?

ಹಳೇ ಹುಬ್ಬಳ್ಳಿ: ಇಂಡಿ ಪಂಪಿನಿಂದ ಸಿಟಿ ಬಸ್ ಹಿಡಿದು ಚೆನ್ನಮ್ಮ ಸರ್ಕಲ್ಲಿಗೆ ಹೋಗುವವರಿಗೆ ಕುದುರೆ ಏರಿದ ರಾಣಿಯ ಪರಿಚಯ ಹೇಳಬೇಕಿಲ್ಲ. 1824ರಲ್ಲಿ ಕುಂಪಣಿ ಸರಕಾರಕ್ಕೆ ಸಡ್ಡು ಹೊಡೆದ ಹೆಣ್ಣುಮಗಳಿಗೆ ಆ ಮರ್ಯಾದೆ ಸಲ್ಲಲೇಬೇಕು. ಆದರೆ ಗುಂಡೇಟು ತಿಂದ ಸಿಪಾಯಿಗಳ ಗಾಯ ಕಟ್ಟಿದ ಮಿಲಿಟರಿ ನರ್ಸುಗಳ ನೆನಪು ಯಾರಿಗೈತ್ರಿ?

ಮಿಲಿಟರಿ ನರ್ಸಿಂಗ್ ಸರ್ವಿಸ್ ಹುಟ್ಟಿದ್ದು 1926ರ ಅಕ್ಟೋಬರ್ 1ರಂದು. 2026ರ ಅದೇ ದಿನ ನೂರು ತುಂಬುವ ದಿನ. ಇವರದು ಅಧಿಕಾರಿ ದರ್ಜೆ, ಹೆಗಲ ಮೇಲೆ ಸ್ಟಾರು. ಆದರೂ 1977ರ ಆದೇಶವೊಂದರಲ್ಲಿ ಮದುವೆಯಾದದ್ದೇ ನೌಕರಿಯಿಂದ ತೆಗೆಯಲು ಕಾರಣ! ಲೆಫ್ಟಿನೆಂಟ್ ಸೆಲಿನಾ ಜಾನ್ 1988ರಲ್ಲಿ ಹೀಗೇ ಕೆಲಸ ಕಳಕೊಂಡರು. ಗಂಡಸರಿಗೆ ಆ ನಿಯಮ ಇರಲಿಲ್ಲ. 1995ರಲ್ಲಿ ಆದೇಶ ರದ್ದಾಯಿತು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆಕೆಗೆ 60 ಲಕ್ಷ ರೂ. ಪರಿಹಾರ ಕೊಡಬೇಕೆಂದು ಹೇಳಿತು. ನ್ಯಾಯ ಬಂತು, ಆದರೆ 35 ವರ್ಷ ತಡವಾಗಿ.

ಡಿಸೆಂಬರ್ 7ರ ಧ್ವಜ ದಿನಕ್ಕೆ ಗಲ್ಲಾದಿಂದ ರೊಕ್ಕ ತೆಗೆದುಕೊಡುವ ಅಂಗಡಿಕಾರರು ಒಂದು ಮಾತು ಕೇಳಬೇಕು: ಮಾಜಿ ಸೈನಿಕರ ಸತ್ಕಾರದ ಪಟ್ಟಿಯಲ್ಲಿ ನಿವೃತ್ತ ನರ್ಸುಗಳ ಹೆಸರೂ ಐತೇನ್ರಿ? ಶಾಲು ಹೊದಿಸೋದು ಸುಲಭ. ಹಕ್ಕು ಕೊಡೋದೇ ಖರೇ ಮರ್ಯಾದೆ.