ಕೋಡ್ ಓದಿದ ನ್ಯಾಯಾಧೀಶರು

ನಾವು ಐಟಿಯವರು ಬರೆಯುವ ಕೋಡ್ ಕೋರ್ಟ್ ಮೆಟ್ಟಿಲು ಹತ್ತಿದರೆ ಅದನ್ನು ಓದಿ ಅರ್ಥಮಾಡಿಕೊಳ್ಳುವವರು ಯಾರು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವವರು ಅಮೆರಿಕದ ಫೆಡರಲ್ ನ್ಯಾಯಾಧೀಶ ವಿಲಿಯಂ ಆಲ್ಸಪ್.

1945ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಇವರು ಮೊದಲು ಓದಿದ್ದು ಗಣಿತ, ಆಮೇಲೆ ಹಾರ್ವರ್ಡ್‌ನಲ್ಲಿ ಕಾನೂನು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಕೀಲರಾಗಿದ್ದವರು 1999ರಲ್ಲಿ ಅಲ್ಲಿಯೇ ನ್ಯಾಯಾಧೀಶರಾದರು. ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ಅವರ ಹವ್ಯಾಸ.

2012ರಲ್ಲಿ ಒರಾಕಲ್–ಗೂಗಲ್ ಮೊಕದ್ದಮೆಯ ವಿಚಾರಣೆ ಅವರ ಮುಂದೆ ನಡೆಯಿತು. ಆಂಡ್ರಾಯ್ಡ್‌ಗಾಗಿ ಗೂಗಲ್ ಜಾವಾದ 37 ಎಪಿಐ ಪ್ಯಾಕೇಜುಗಳ ಹೆಸರು, ಜೋಡಣೆಗಳನ್ನು ಹಾಗೆಯೇ ಇಟ್ಟುಕೊಂಡು ಒಳಗಿನ ಕೋಡನ್ನು ತಾನೇ ಬರೆದಿತ್ತು. ಆದರೂ ‘ರೇಂಜ್‌ಚೆಕ್’ ಎಂಬ 9 ಸಾಲುಗಳ ನಕಲು ಉಳಿದುಬಿಟ್ಟಿತ್ತು. ಒರಾಕಲ್ ವಕೀಲರು ಅದನ್ನೇ ದೊಡ್ಡದು ಮಾಡಹೊರಟಾಗ, ಇಂಥ ಕೋಡನ್ನು ತಾವೇ ನೂರು ಸಲ ಬರೆದಿರುವುದಾಗಿ ಆಲ್ಸಪ್ ಹೇಳಿದರು. ವಕೀಲರ ವಾದದ ಗಾಳಿ ಅಲ್ಲಿಗೇ ಇಳಿಯಿತು.

ಆ ಎಪಿಐ ರಚನೆಗೆ ಕಾಪಿರೈಟ್ ಇಲ್ಲವೆಂದು ಅವರು ತೀರ್ಪಿತ್ತರು. 2014ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ರದ್ದು ಮಾಡಿತು. 2021ರಲ್ಲಿ ಸುಪ್ರೀಂ ಕೋರ್ಟ್ ಕಾಪಿರೈಟ್ ಪ್ರಶ್ನೆಯನ್ನು ಬದಿಗಿಟ್ಟು, ಗೂಗಲ್ ಮಾಡಿದ್ದು ನ್ಯಾಯಯುತ ಬಳಕೆ ಎಂದಿತು.

ಅವರ ತೀರ್ಪು ನಿಲ್ಲಲಿಲ್ಲ, ನಿಜ. ಆದರೆ ಫೆಡರಲ್ ನ್ಯಾಯಾಧೀಶರದ್ದು ಆಜೀವ ಹುದ್ದೆ. ಹೊಸದೇನೂ ಕಲಿಯದಿದ್ದರೂ ಕುರ್ಚಿಗೆ ಕುತ್ತಿಲ್ಲ. ಅಂಥವರೂ ಕೋಡಿನೊಳಗೆ ಇಳಿದು ನೋಡಿದರಲ್ಲ, ನನಗೆ ದೊಡ್ಡದೆನಿಸುವುದು ಅದು. ವರ್ಷಕ್ಕೊಮ್ಮೆ ನಮ್ಮ ಕೆಲಸಕ್ಕೆ ರೇಟಿಂಗ್ ಕೊಡುವವರಲ್ಲಿ ಎಷ್ಟು ಮಂದಿ ನಮ್ಮ ಕೋಡಿನ ಒಂಬತ್ತು ಸಾಲು ಓದಿರುತ್ತಾರೆ, ಹೇಳಿ?