ಎರಡಕ್ಷರ, ಒಂದು ಒತ್ತು

ಐದೇ ಅಕ್ಷರದ, ನಡುವೆ ‘ಪಿ–ಎಚ್’ ಜೋಡಿ ಇರುವ ಇಂಗ್ಲಿಷ್ ಪದಗಳು ಯಾವುವು? ಇಂಥ ಪಟ್ಟಿಗಳು ಇಂಗ್ಲಿಷಿನಲ್ಲಿ ರಾಶಿ ರಾಶಿ ಸಿಗುತ್ತವೆ. ಅದು ಬರೀ ಆಟದ ಹುಚ್ಚಲ್ಲ, ಆ ಭಾಷೆಯ ಕಾಗುಣಿತದ ರೋಗಕ್ಕೆ ಕಂಡುಕೊಂಡ ಮದ್ದು. ‘ನೈಫ್’ ಎನ್ನಲು ಮೊದಲು ‘ಕೆ’ ಬರೆದು ಅದನ್ನು ನುಂಗಬೇಕಾದ ಭಾಷೆಯಲ್ಲಿ ಅಂಥ ಪದಗಳನ್ನು ಒಂದೆಡೆ ಕೂಡಿಸಿ ಬಾಯಿಪಾಠ ಮಾಡದೆ ಗತಿಯಿಲ್ಲ. 1930ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಕಟ್ಟಿದ ಆಟವೇ ಮುಂದೆ ಸ್ಕ್ರ್ಯಾಬಲ್ ಆಯಿತು. 2021ರಲ್ಲಿ ಜನರ ಕೈಗೆ ಬಂದ ವರ್ಡಲ್ ಐದಕ್ಷರದ ಪದಗಳ ಮೇಲೆಯೇ ನಿಂತಿದೆ. ಕನ್ನಡದ ಮಕ್ಕಳೂ ಇಂಥ ಪಟ್ಟಿಗಳನ್ನು ಉರು ಹೊಡೆಯುತ್ತಾರೆ. ಹೊಡೆಯಲಿ, ತಪ್ಪೇನಿಲ್ಲ. ಆದರೆ ಕನ್ನಡಕ್ಕೂ ಇಂಥ ಪಟ್ಟಿ ಬೇಕು, ಅದು ಇಂಗ್ಲಿಷಿನ ಅಳತೆಗೋಲನ್ನು ಎರವಲು ತರದೆ ಆಗಬೇಕು ಎಂಬುದು ನನ್ನ ವಾದ.

ಅಳತೆಗೋಲಿನ ಮಾತು ಚಿಕ್ಕದಲ್ಲ. ‘ಶಿಗ್ಗಾವಿ’ ಓದುವವರಿಗೆ ಮೂರಕ್ಷರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಅದೇ ಹೆಸರು ಎಂಟು ಸಂಕೇತ, ಏಕೆಂದರೆ ಅಲ್ಲಿ ಗುಡಿಸು, ದೀರ್ಘ, ಒತ್ತಿನ ಕೊಂಡಿ ಎಲ್ಲವೂ ಬೇರೆ ಬೇರೆ. ಯಂತ್ರದ ಎಣಿಕೆಯನ್ನೇ ನಂಬಿದ ಪಟ್ಟಿ ಕನ್ನಡಿಗರ ಯಾವ ಕೆಲಸಕ್ಕೂ ಬಾರದು. ಪತ್ರಿಕೆಗಳ ಪದಬಂಧ ಬಹುಕಾಲದಿಂದ ಸರಿಯಾದ ದಾರಿಯಲ್ಲೇ ಇದೆ: ಒಂದು ಮನೆಗೆ ಒಂದು ಅಕ್ಷರ, ಅದರ ಒತ್ತು, ಸ್ವರಚಿಹ್ನೆ ಸಮೇತ. ಹಾಗೆಯೇ ಐದರ ಹಟವೂ ನಮಗೆ ಸಲ್ಲದು. ಕನ್ನಡದಲ್ಲಿ ಐದಕ್ಷರವೆಂದರೆ ಹೆಚ್ಚಾಗಿ ಎರಡು ಪದ ಕೂಡಿದ್ದು, ಹಿರೇಕೆರೂರಿನ ಹಾಗೆ. ನುಡಿಯ ತಿರುಳು ಎರಡು, ಮೂರು ಅಕ್ಷರಗಳಲ್ಲಿದೆ.

ಇಂಗ್ಲಿಷಿನ ಅಕ್ಷರಜೋಡಿಗೆ ಸಮನಾದದ್ದು ನಮ್ಮಲ್ಲಿ ಒತ್ತಕ್ಷರ. ಎರಡಕ್ಷರದ, ಸಜಾತೀಯ ಒತ್ತಿರುವ ಪದಗಳನ್ನು ಮಾತ್ರ ಆರಿಸಿ ನೋಡಿ: ಅಕ್ಕ, ಅಣ್ಣ, ಅಪ್ಪ, ಅವ್ವ, ಅಜ್ಜ, ಅತ್ತೆ, ತಮ್ಮ. ಮನೆಮಂದಿಯೆಲ್ಲ ಬಂದು ಕೂತರು. ಅಕ್ಕಿ, ಉಪ್ಪು, ಬೆಲ್ಲ, ಬೆಣ್ಣೆ, ರೊಟ್ಟಿ, ಬುತ್ತಿ, ಅಡುಗೆಮನೆ ಆಯಿತು. ಎತ್ತು, ಹಗ್ಗ, ಕಣ್ಣಿ, ಹೊಟ್ಟು, ಹತ್ತಿ, ಹಳ್ಳ, ಹೊಲಕ್ಕೆ ಬಂದೆವು. ಈಗ ವಿಜಾತೀಯ ಒತ್ತಿನ ಪಟ್ಟಿ ಮಾಡಿ: ಪತ್ರ, ವಸ್ತ್ರ, ಶಾಸ್ತ್ರ, ಸೂರ್ಯ, ಚಂದ್ರ. ಬಹುಪಾಲು ಸಂಸ್ಕೃತದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನುಡಿಯ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ: ವರ್ಣ ಬಣ್ಣವಾಯಿತು, ರತ್ನ ರನ್ನವಾಯಿತು, ಶಬ್ದ ಸದ್ದಾಯಿತು. ಹಳಗನ್ನಡದ ‘ಪೆರ್ಚು’ ಕೂಡ ಇದೇ ಹಾದಿ ಹಿಡಿದು ‘ಹೆಚ್ಚು’ ಆಗಿದೆ. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳಿಗೆಂದು ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟ. ಶಾಲೆಯ ಒತ್ತಕ್ಷರದ ಪಾಠದಲ್ಲಿ ಇಂಥ ಪದಗಳು ಇವೆ, ನಿಜ. ಆದರೆ ಅಲ್ಲಿ ಅವು ಕಾಪಿ ಬರೆಯುವ ಸಾಮಗ್ರಿ. ಒತ್ತು ತಿದ್ದುವುದು ಮುಗಿದ ಮೇಲೆ ಪಟ್ಟಿಯೂ ಮುಗಿಯಿತು.

ಪಟ್ಟಿಯಿಂದ ಭಾಷೆ ಬರುವುದಿಲ್ಲ ಎಂಬ ಆಕ್ಷೇಪಕ್ಕೆ ಬಲವಾದ ಪುರಾವೆಯೇ ಇದೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದಿದ್ದರೂ ಅದರ ಪದಗಳನ್ನು ನೆನಪಿಟ್ಟುಕೊಂಡೇ 2015ರ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. ಅರ್ಥ, ಬಳಕೆ ಇಲ್ಲದ ಪಟ್ಟಿ ಇಷ್ಟೇ ಎಂದು ಒಪ್ಪೋಣ. ಆದ್ದರಿಂದಲೇ ಪ್ರತಿ ಪದದ ಜತೆ ಅದು ಯಾವ ಊರಿನ, ಯಾವ ಕೆಲಸದ ಮಾತು ಎಂಬುದು ಇರಬೇಕು. ಕನ್ನಡದ ಪದಕ್ಕೆ ಪ್ರತ್ಯಯ ಹತ್ತಿ ಹತ್ತು ರೂಪವಾಗುತ್ತದಲ್ಲ, ಯಾವುದನ್ನು ಎಣಿಸುವುದು ಎಂಬುದು ಇನ್ನೊಂದು ತಕರಾರು. ನಿಘಂಟಿನ ರೂಪ ಹಿಡಿದರೆ ಅದು ತೀರುತ್ತದೆ. ನಿಜವಾಗಿ ತೊಡಕಿನದು ವ್ಯಂಜನದಲ್ಲಿ ನಿಲ್ಲುವ ಪದ. ‘ಹಾನಗಲ್’ ಮೂರಕ್ಷರವೋ ನಾಲ್ಕೋ? ಛಂದಸ್ಸು ಕೊನೆಯ ‘ಲ್’ ಅನ್ನು ಹಿಂದಿನ ‘ಗ’ಕ್ಕೆ ಸೇರಿಸಿ ಗುರು ಎನ್ನುತ್ತದೆ, ಪದಬಂಧವಾದರೆ ಅದಕ್ಕೊಂದು ಮನೆ ಬೇಡುತ್ತದೆ. ನನ್ನ ಮತ ಪದಬಂಧಕ್ಕೆ. ‘ಹಾನಗಲ್ಲ’ ಎನ್ನುವವರಿಗೆ ಹೇಗೂ ಈ ಜಗಳವಿಲ್ಲ.

ಈ ಕೆಲಸ ಮಾಡಬೇಕಾದ ಜಾಗ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ. 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಅಲ್ಲಿ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ, ವಿ. ಕೃಷ್ಣ ಅವರ ‘ಅಲರ್’ ನಿಘಂಟು ಈಗ ಎಲ್ಲರಿಗೂ ಮುಕ್ತವಾಗಿದೆ. ಅದನ್ನು ಅಕ್ಷರ, ಒತ್ತುಗಳ ಪ್ರಕಾರ ವಿಂಗಡಿಸುವುದು ಯಂತ್ರದ ಕೆಲಸ. ನಿಘಂಟು ಸೇರದ ಹೊಲದ, ಮಗ್ಗದ, ಹಂತಿಪದದ ಮಾತುಗಳನ್ನು ಕೂಡಿಸುವುದು ಜನರ ನಡುವೆ ಓಡಾಡುವವರ ಕೆಲಸ. ಬಾಡದಲ್ಲಿ ಹುಟ್ಟಿದ ಕನಕದಾಸರು ಮುಂಡಿಗೆ ಕಟ್ಟಿದ, ಹಿರೇಕೆರೂರು ಸೀಮೆಯ ಸರ್ವಜ್ಞ ತ್ರಿಪದಿಯಲ್ಲೇ ಒಗಟು ಒಡ್ಡಿದ ನೆಲ ಇದು. ಪದದ ಆಟ ಇಲ್ಲಿಗೆ ಹೊಸತಲ್ಲ. ವಿಶ್ವವಿದ್ಯಾಲಯ ಮೊದಲು ಎರಡಕ್ಷರದ ಸಜಾತೀಯ ಪಟ್ಟಿಯೊಂದನ್ನೇ ಕೈಗೆತ್ತಿಕೊಳ್ಳಲಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಿಗೆ ಕೊಟ್ಟು, ಬಿಟ್ಟುಹೋದ ಪದಗಳನ್ನು ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ ಸೇರಿಸುವಂತೆ ಮಾಡಲಿ.