ನೆರಡಿ ರೋಗವೂ ದನಗಾಹಿಯ ವರ್ತಮಾನವೂ

ನಾಲವಾರದ ಹೊಲದಲ್ಲಿ ಸಂಜೆ ಮೇದ ಎತ್ತು ಬೆಳಗಾಗುವಷ್ಟರಲ್ಲಿ ಸತ್ತುಬಿದ್ದು, ಮೂಗು ಬಾಯಿ ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ ನೆರಡಿ, ಎಂದರೆ ಆಂಥ್ರಾಕ್ಸ್, ಎಂದು ಶಂಕಿಸತಕ್ಕದ್ದು. ಚರ್ಮದ ಬೆಲೆಗೆ ಆಸೆಪಟ್ಟು ಹೆಣವನ್ನು ಕೊಯ್ಯಕೂಡದು. ಗಾಳಿ ಸೋಂಕಿದ ಕ್ರಿಮಿಯು ಬೀಜರೂಪ ತಾಳಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುವುದು. ಇಂತಹ ಬೀಜಗಳನ್ನೇ 2001ರಲ್ಲಿ ಅಮೆರಿಕದಲ್ಲಿ ದುರುದ್ದೇಶದಿಂದ ಅಂಚೆಯ ಲಕೋಟೆಗಳಲ್ಲಿ ಕಳುಹಿದಾಗ 22 ಜನರು ರೋಗಪೀಡಿತರಾಗಿ ಐವರು ಮಡಿದರು. ಫ್ಲಾರಿಡಾದ ವೈದ್ಯರೊಬ್ಬರು ಸಂಶಯಪಟ್ಟು ಒಡನೆಯೇ ಆರೋಗ್ಯಾಧಿಕಾರಿಗಳಿಗೆ ತಿಳಿಸಿದುದರಿಂದ ಶೋಧನೆ ಮೊದಲಾಯಿತು. ಹಳ್ಳಿಯಲ್ಲಿ ಆ ವೈದ್ಯನ ಸ್ಥಾನದಲ್ಲಿರುವವನು ದನಗಾಹಿ. ಅವನ ಹತ್ತು ವರ್ತಮಾನಗಳಲ್ಲಿ ಒಂಬತ್ತು ಹುಸಿಯಾದರೂ (ಸಿಡಿಲು ಬಡಿದ ಎಮ್ಮೆಯೂ ಹೀಗೆಯೇ ಹಠಾತ್ತನೆ ಸಾಯುವುದುಂಟು) ಪಶುವೈದ್ಯಶಾಲೆಯವರು ಅವನನ್ನು ಗದರಿಸಿ ಕಳುಹಕೂಡದು. ಕಿವಿಯಿಂದ ತೊಟ್ಟು ರಕ್ತ ತೆಗೆದು ಪರೀಕ್ಷಿಸಲಿ, ಹೆಣವನ್ನು ಆರಡಿ ಆಳದಲ್ಲಿ ಸುಣ್ಣಸಹಿತ ಹೂಳಿಸಲಿ.